ಮಡಿ ಉಟ್ಟ ಪಿಎಚ್‌ಪಿ

ವೆಬ್‌ಸೈಟ್ ಬರೆಯೋ ಭಾಷೆ ಪಿಎಚ್‌ಪಿಯೇ ನಮ್ಮ ಆಫೀಸಿನ ಅನ್ನ. ಅಲ್ಲಿ ಈಗ ಫಾರ್‌ಈಚ್, ಅಂದರೆ ಪಟ್ಟಿಯಿಂದ ಒಂದೊಂದನ್ನೇ ಎತ್ತಿ ಕೆಲಸ ಮಾಡೋ ಲೂಪ್, ಮೈಲಿಗೆ. ಮೊನ್ನೆ ಎಂಟು ಸಾಲಿನ ಒಂದು ಲೂಪ್ ಬರೆದು ರಿವ್ಯೂಗೆ ಹಾಕಿದೆ. ಕ್ಯಾನ್ಸಲ್ ಆದ ಆರ್ಡರ್ ಬಿಡು, ಉಳಿದವಕ್ಕೆ ಗ್ರಾಹಕರ ಹೆಸರು ಸೇರಿಸು, ಅಷ್ಟೇ ಕೆಲಸ. ನನಗಿಂತ ಹತ್ತು ವರ್ಷ ಚಿಕ್ಕವನಾದ ಟೀಮ್ ಲೀಡ್, ಒಣಹಾಕಿದ ಮಡಿಬಟ್ಟೆಗೆ ನಾನೇ ಕೈ ತಾಗಿಸಿದೆ ಅನ್ನೋ ಹಾಗೆ ಮುಖ ಮಾಡಿ, "ಸಾರ್, ನೀವಿನ್ನೂ ಲೂಪ್ ಬರೀತೀರಾ?" ಅಂದ.

ಅವನಿಗೆ ಬೇಕಾದದ್ದು ಫಂಕ್ಷನಲ್ ಶೈಲಿ. ಅಂದರೆ ಫಂಕ್ಷನ್, ಒಂದು ಕೆಲಸ ಮಾಡಿಕೊಡೋ ಕೋಡಿನ ತುಣುಕು, ಶುದ್ಧವಾಗಿರಬೇಕು. ಹೊರಗಿನ ಯಾವುದನ್ನೂ ಮುಟ್ಟಬಾರದು, ಅದೇ ಸಾಮಾನು ಕೊಟ್ಟರೆ ಯಾವತ್ತೂ ಅದೇ ಅಡುಗೆ. ನಮ್ಮಜ್ಜಿಗಾಗಿದ್ದರೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಹ್ಯಾಸ್ಕೆಲ್ ಅನ್ನೋ ಭಾಷೆಯ ಮನೆಯಲ್ಲಿ ಇದು ಸರಿಯೇ, ಆ ಮನೆ ಕಟ್ಟಿದ್ದೇ ಮಡಿಗೆ. ಆದರೆ ಪಿಎಚ್‌ಪಿ? ರಾಸ್ಮಸ್ ಲರ್ಡಾರ್ಫ್ ತನ್ನ ರೆಸ್ಯೂಮೆಯನ್ನು ಯಾರ್ಯಾರು ನೋಡಿದರು ಅಂತ ಲೆಕ್ಕ ಇಡೋಕೆ ಬರೆದುಕೊಂಡು, 1995ರಲ್ಲಿ ಊರಿಗೆಲ್ಲ ಹಂಚಿದ ಸಾಮಾನು ಅದು. ಬಸ್‌ಸ್ಟ್ಯಾಂಡ್ ಹೋಟೆಲ್ ಇದ್ದ ಹಾಗೆ. ಡೇಟಾಬೇಸ್ ಮುಟ್ಟಬೇಕು, ಸೆಷನ್ ಮುಟ್ಟಬೇಕು, ಕೊನೆಗೆ ಎಚ್‌ಟಿಎಂಎಲ್ ಬಡಿಸಬೇಕು. ಮುಟ್ಟೋದೇ ಅದರ ಕಸುಬು.

ಪಿಎಚ್‌ಪಿಗೆ ಈ ಶೈಲಿಯ ಮಡಿಬಟ್ಟೆಯೂ ಕಂತಿನಲ್ಲಿ ಬಂತು. ಹೆಸರಿಲ್ಲದ ಫಂಕ್ಷನ್ 2009ರಲ್ಲಿ, ಅದನ್ನೇ ಚುಟುಕಾಗಿ ಬರೆಯೋ ಬಾಣದ ಫಂಕ್ಷನ್ 2019ರಲ್ಲಿ, ಒಂದರ ಫಲವನ್ನು ಮುಂದಿನದಕ್ಕೆ ದಾಟಿಸೋ ಪೈಪ್ ಚಿಹ್ನೆ 2025ರಲ್ಲಿ. ಪಟ್ಟಿಯ ಪ್ರತಿಯೊಂದನ್ನೂ ಬದಲಿಸೋ ಅರೇ ಮ್ಯಾಪ್‌ಗೆ ಮೊದಲು ಫಂಕ್ಷನ್ ಕೊಡಬೇಕು, ಆಮೇಲೆ ಪಟ್ಟಿ. ಬೇಡದ್ದನ್ನು ಸೋಸೋ ಅರೇ ಫಿಲ್ಟರ್‌ಗೆ ಮೊದಲು ಪಟ್ಟಿ, ಆಮೇಲೆ ಫಂಕ್ಷನ್. ಒಂದೇ ಮನೆಯ ಅಣ್ಣತಮ್ಮ, ಇವನಿಗೆ ಅನ್ನದ ಮೇಲೆ ಸಾರು, ಅವನಿಗೆ ಸಾರಿನ ಮೇಲೆ ಅನ್ನ. ಇಷ್ಟು ವರ್ಷವಾದರೂ ರಾಜಿಯಾಗಿಲ್ಲ.

ಇರಲಿ. ಲೀಡ್ ನನ್ನ ಲೂಪನ್ನು ತೆಗೆದು ಫಿಲ್ಟರ್, ಮ್ಯಾಪ್ ಅಂತ ಒಂದೇ ಸಾಲಿನಲ್ಲಿ ಪೋಣಿಸಿದ. ಟೆಸ್ಟಿಂಗ್‌ನಲ್ಲಿ ಎಲ್ಲ ಚೆನ್ನಾಗಿತ್ತು, ಯಾಕಂದರೆ ಅಲ್ಲಿ ಯಾರೂ ಆರ್ಡರ್ ಕ್ಯಾನ್ಸಲ್ ಮಾಡಿರಲಿಲ್ಲ. ಲೈವ್‌ಗೆ ಹೋದ ಮೇಲೆ ಪುಣ್ಯಾತ್ಮರೊಬ್ಬರು ನಡುವಿನದೊಂದನ್ನು ಕ್ಯಾನ್ಸಲ್ ಮಾಡಿದರು. ಫಿಲ್ಟರ್ ಸಾಲಿನಿಂದ ಒಬ್ಬನನ್ನು ಎಬ್ಬಿಸಿದರೂ ಉಳಿದವರ ಕ್ರಮಸಂಖ್ಯೆ ಬದಲಿಸುವುದಿಲ್ಲ. ಸೊನ್ನೆಯಿಂದ ಶುರುವಾಗೋ ಎಣಿಕೆ 0, 1, 3 ಅಂತ ಉಳಿಯಿತು. ಆ್ಯಪ್‌ಗೆ ಕಳಿಸೋಕೆ ಜೇಸನ್ ಅನ್ನೋ ರೂಪಕ್ಕೆ ತರುವಾಗ ಪಿಎಚ್‌ಪಿ ಆ ತೂತು ನೋಡಿ, ಇದು ಪಟ್ಟಿ ಅಲ್ಲ, ಆಬ್ಜೆಕ್ಟ್ ಅಂತ ತೀರ್ಮಾನ ಮಾಡಿತು. ಮೊಬೈಲ್ ಆ್ಯಪ್ ಪಟ್ಟಿಗೆ ಕಾಯುತ್ತಾ ಬೆಳ್ಳಗೆ ನಿಂತಿತು.

ಅದಕ್ಕೆ ಕ್ರಮಸಂಖ್ಯೆ ಮತ್ತೆ ಸೊನ್ನೆಯಿಂದ ಹಚ್ಚೋ ಅರೇ ವ್ಯಾಲ್ಯೂಸ್ ಅನ್ನೋ ಪ್ರೋಕ್ಷಣೆ ಆಯಿತು. ಅಷ್ಟರಲ್ಲಿ ಮ್ಯಾನೇಜರ್‌ಗೆ ಪಟ್ಟಿ ದಿನಾಂಕದ ಪ್ರಕಾರ ಬೇಕಾಯಿತು. ಲೀಡ್ ಅದೇ ಸರಕ್ಕೆ ಬಾಣದ ಫಂಕ್ಷನ್‌ನಲ್ಲಿ ಕ್ರಮವಾಗಿ ಜೋಡಿಸೋ ಯುಸಾರ್ಟ್ ಸುತ್ತಿ ಪೋಣಿಸಿದ. ಯುಸಾರ್ಟ್ ಕೈಗೆ ಸಿಕ್ಕ ಪಟ್ಟಿಯನ್ನೇ ಕಲಕಿ ಜೋಡಿಸುತ್ತೆ, ವಾಪಸ್ ಕೊಡೋದು ಬರೀ 'ಟ್ರೂ'. ಸಾವಿರಾರು ಆರ್ಡರ್ ಎಲ್ಲಿ ಹೋಯಿತಪ್ಪಾ ಅಂದರೆ, "ನಿಜ" ಅಂತ ಉತ್ತರ!

ಇದರ ಮಧ್ಯೆ ಹೊಸಬರ ಇಂಟರ್‌ವ್ಯೂನಲ್ಲಿ, ಹ್ಯಾಸ್ಕೆಲ್ ಮನೆಯ ಕಠಿಣ ಪಾಠವಾದ ಮೊನಾಡ್ ಅಂದರೇನು ಅಂತ ಕೇಳ್ತಾ ಇದ್ದೇವೆ. ಸೇರಿದ ಹುಡುಗನಿಗೆ ಕೊಟ್ಟ ಮೊದಲ ಕೆಲಸ, ಕಾಂಟ್ಯಾಕ್ಟ್ ಫಾರಂನ ಬಟನ್ ಬಣ್ಣ ಬದಲಿಸೋದು.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ನಾನು ನನ್ನ ಹಳೇ ಲೂಪನ್ನು ಹುಡುಕಿ ತೆಗೆದೆ. ಡೇಟ್ ಪ್ರಕಾರ ಜೋಡಿಸೋಕೆ ಇನ್ನೊಂದು ಸಾಲು ಸೇರಿಸಿ, ಎಲ್ಲವನ್ನೂ ಒಂದು ಫಂಕ್ಷನ್ ಒಳಗಿಟ್ಟು, ಅದಕ್ಕೆ 'ಪ್ಯೂರ್ ಆರ್ಡರ್ ಟ್ರಾನ್ಸ್‌ಫಾರ್ಮರ್' ಅಂತ ಹೆಸರಿಟ್ಟು ರಿವ್ಯೂಗೆ ಹಾಕಿದೆ. ಲೀಡ್ ಒಳಗೆ ಇಣುಕಲೂ ಇಲ್ಲ. "ಈಗ ನೋಡಿ ಸಾರ್, ಎಷ್ಟು ಕ್ಲೀನ್ ಆಗಿದೆ!" ಅಂತ ಬರೆದು ಅಪ್ರೂವ್ ಮಾಡಿದ.