ಪಾರ್ಕಿನಲ್ಲಿ ಓಡುವವರನ್ನು ಹಿಡಿಯಿರಿ

ಇಂದಿರಾನಗರದ ಆ ಬೋರ್ಡು ನೆನಪಿದೆ ಅಲ್ವಾ? 2024ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಪಾರ್ಕಿನಲ್ಲಿ ಜಾಗಿಂಗ್ ಮಾಡುವಂತಿಲ್ಲ, ನಡೆಯುವುದಾದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ನಡೆಯಬೇಕು. ಜನ ನಕ್ಕರು. ನನಗೆ ಮಾತ್ರ ಬರೆಸಿದವರ ಮೇಲೆ ಗೌರವ ಬಂತು. ಬೆಂಗಳೂರಿನಲ್ಲಿ ವೇಗ ಜಾಸ್ತಿಯಾಯಿತು ಅಂತ ಯಾರಿಗೋ ಅನ್ನಿಸಿತಲ್ಲ!

ದಿಕ್ಕಿನ ವಿಷಯದಲ್ಲಂತೂ ಶಾಸ್ತ್ರವೇ ಇದೆ. ಬಲಕ್ಕೆ ಸುತ್ತಿದರೆ ಪ್ರದಕ್ಷಿಣೆ. ಎಡಕ್ಕೆ ಸುತ್ತುವುದು ಯಾವ ಕಾರ್ಯದಲ್ಲಿ ಅಂತ ಮನೆಯ ಹಿರಿಯರನ್ನು ಕೇಳಿ, ಬೈಸಿಕೊಳ್ಳಿ. ಆದರೆ ಕಂಠೀರವ ಸ್ಟೇಡಿಯಂ ಟ್ರ್ಯಾಕಿನಲ್ಲಿ ಓಡುವುದು ಎಡಕ್ಕೇ. ಒಲಿಂಪಿಕ್ಸ್‌ನಲ್ಲೂ ಹಾಗೇ. ಪಾಪ, ಅವರಿಗೆ ನಮ್ಮ ಅಸೋಸಿಯೇಶನ್ ಅಂಕಲ್‌ಗಳ ಪರಿಚಯ ಇಲ್ಲ.

ಪೂರ್ತಿ ನಿಷೇಧ ಬೇಡ, ವೇಗಕ್ಕೆ ಮಿತಿ ಇಡೋಣ ಅನ್ನುವ ಸಮಾಧಾನದವರೂ ಇದ್ದಾರೆ. ಓಡುವವರಿಗೆ ಗಂಟೆಗೆ 8 ಕಿ.ಮೀ., ಸೈಕಲ್ಲಿಗೆ 10 ಅಂತ ಇಟ್ಟುಕೊಳ್ಳಿ. ಅಳೆಯುವವರು ಯಾರು? ಸೈಕಲ್ಲಿಗೆ ಮೀಟರಿಲ್ಲ, ನಂಬರ್ ಪ್ಲೇಟಿಲ್ಲ. ವಾಚ್‌ಮನ್ ಹತ್ತಿರ ಇರುವುದು ಒಂದು ಸೀಟಿ, ಒಂದು ಕೋಲು. ಹಿಂದೆ ಎರಡು ಪುಟ್ಟ ಚಕ್ರ ಕಟ್ಟಿಸಿಕೊಂಡ ಹುಡುಗಿ 11ಕ್ಕೆ ಏರಿಸಿದರೆ ಅವನು ಲೈಸೆನ್ಸ್ ಕೇಳಬೇಕೋ, ಅಮ್ಮನ್ನ ಕರಿ ಅನ್ನಬೇಕೋ?

ವೇಗದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2008ರಿಂದ ಈ ಊರಲ್ಲಿ ವರ್ಲ್ಡ್ 10ಕೆ ಓಟ ನಡೆಯುತ್ತಿದೆ. 2022ರಲ್ಲಿ ಕೀನ್ಯಾದ ನಿಕೊಲಸ್ ಕಿಮೆಲಿ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟೇ ದೂರಕ್ಕೆ ನಮ್ಮ ಕಾರಿಗೆ ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು ಅಂತ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕ. ಅಂದರೆ ಈ ಊರಲ್ಲಿ ನಿಜವಾಗಿ ಓವರ್‌ಸ್ಪೀಡ್ ಹೋಗುವುದು ಬನಿಯನ್ನು, ಚಡ್ಡಿ ಹಾಕಿಕೊಂಡವರೇ. ಬೋರ್ಡ್ ಬರೆಸಿದವರು ಸುಮ್ನೆ ಬರೆಸಿಲ್ಲ.

ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಆಗಿದೆ. ಪೂರ್ವದವರು ಬಲಕ್ಕೆ ಅಂದರೆ ಪಶ್ಚಿಮದವರು ಎಡಕ್ಕೆ ಅನ್ನಲಿ. ಗಡಿಯಲ್ಲಿರುವ ಪಾರ್ಕಿನವರು ನಿಂತಲ್ಲೇ ನಿಲ್ಲಲಿ.

ಹಿರಿಯರ ಭಯ ಸುಳ್ಳಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ಸೊಂಟದ ಮೂಳೆಯೇ ಹೋಗುತ್ತದೆ. ಆದರೆ ನಾಲ್ಕಡಿ ದಾರಿಯಲ್ಲಿ ನಾಲ್ಕು ಜನ ಸಾಲಾಗಿ, ಪೆನ್ಶನ್ ಬಗ್ಗೆ ಮಾತಾಡುತ್ತಾ ಹೋದರೆ ಉಳಿದವರು ಎಲ್ಲಿಂದ ಹೋಗಬೇಕು? ದಾರಿ ಅಗಲ ಮಾಡಿ ಅಂತ ಯಾರೂ ಕೇಳುವುದಿಲ್ಲ. ಬೋರ್ಡ್ ಅಗ್ಗ.

ಗೇಟಿನ ಹೊರಗೆ ಬಂದು ನೋಡಿ. ಫುಟ್‌ಪಾತಿನ ಚಪ್ಪಡಿ ಕಿತ್ತು ಎರಡು ಮಳೆಗಾಲ ಆಯಿತು. ಉಳಿದಿರುವ ಚಪ್ಪಡಿಗಳ ಮೇಲೆ ಬೈಕು ಬರುತ್ತದೆ. ನಡೆಯುವವನಿಗೇ ಹಾರ್ನ್ ಹೊಡೆಯುತ್ತಾನೆ, ಜರುಗದಿದ್ದರೆ ಬೈಯುತ್ತಾನೆ. ಅವನಿಗೆ ಒಂದು ಬೋರ್ಡಿಲ್ಲ, ಸೀಟಿ ಇಲ್ಲ, ಅಸೋಸಿಯೇಶನ್ ಇಲ್ಲ. ಇಲ್ಲಿ ಓಡಲಾಗದೆ ತಾನೇ ಜನ ಒಳಗೆ ಹೋಗಿದ್ದು? ಕಬ್ಬನ್ ಪಾರ್ಕಿನಲ್ಲಾದರೂ ನೆಮ್ಮದಿಯೇ ಅಂದರೆ, ಭಾನುವಾರ ವಾಹನಕ್ಕೆ ಗೇಟ್ ಹಾಕಿ ಸೋಮವಾರ ಮತ್ತೆ ಕಾರು ಬಿಡುತ್ತಾರೆ. ಮರಗಳ ನಡುವೆ ಕಾರು ಯಾವ ದಿಕ್ಕಿಗಾದರೂ ಹೋಗಬಹುದು, ಮನುಷ್ಯ ಮಾತ್ರ ಬಲಕ್ಕೆ ಸುತ್ತಬೇಕು. ಸಾಕಾಗಿದೆ ಮಾರಾಯ್ರೇ.