ಕಣ್ಣು ಮಿಟುಕಿಸಬೇಡಿ ಸಾರ್

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡಬೇಕು. ವೀಸಾಕ್ಕೆ ಫೋಟೊ ಬೇಕೆಂದು ಇಬ್ಬರೂ ಗಾಂಧಿಬಜಾರಿನ ಪಕ್ಕದ ರಸ್ತೆಯ ಸ್ಟುಡಿಯೊಗೆ ಹೋದೆವು. ಎರಡಿಂಚಿಗೆ ಎರಡಿಂಚು, ಹಿಂದೆ ಬಿಳಿ ಪರದೆ. "ಕನ್ನಡಕ ತೆಗೀರಿ ಸಾರ್" ಎಂದ ಹುಡುಗ. 2016ರ ನವೆಂಬರಿನಿಂದ ಅಮೆರಿಕದವರಿಗೆ ವೀಸಾ ಫೋಟೊದಲ್ಲಿ ಕನ್ನಡಕ ಆಗದಂತೆ. ತೆಗೆದು ಜೇಬಿಗಿಟ್ಟೆ. "ನಗಬೇಡಿ. ಕಣ್ಣು ಮಿಟುಕಿಸಬೇಡಿ." ಅಷ್ಟು ಹೇಳಿದ್ದೇ ತಡ, ರೆಪ್ಪೆಗಳಿಗೆ ಬೇರೆ ಕಸುಬೇ ಇಲ್ಲದಂತಾಯಿತು. ನಾಲ್ಕನೇ ಸಲ ಸರಿಬಂತು. ಕಂಪ್ಯೂಟರಿನಲ್ಲಿ ನೋಡಿದ ನನ್ನವಳು, "ಕೈಸಾಲ ಕೇಳೋಕೆ ಬಂದೋರ ಹಾಗಿದೀರಲ್ರೀ" ಅಂದಳು.

ನಾನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕನ್ನಡಕವಿಲ್ಲದೆ ಆ ಹುಡುಗ ಎಲ್ಲಿದ್ದಾನೆಂದು ಹುಡುಕುತ್ತಿದ್ದೆ, ಅಷ್ಟೇ.

ತುಟಿ ನಾವು ಹೇಳಿದ ಮಾತು ಕೇಳುತ್ತದೆ, ಕಣ್ಣು ಕೇಳುವುದಿಲ್ಲ. ಡ್ಯುಶೆನ್ ಎಂಬ ಫ್ರೆಂಚ್ ವೈದ್ಯ ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ, ಫೋಟೊ ತೆಗೆಸಿ, 1862ರಲ್ಲೇ ಇದನ್ನು ಬರೆದಿಟ್ಟ: ನಿಜವಾದ ಸಂತೋಷವಿದ್ದರೇ ಕಣ್ಣಿನ ಸುತ್ತಲ ಸ್ನಾಯು ಏಳುವುದು. ಪಾಪ, ಅಷ್ಟು ಕಷ್ಟಪಡಬೇಕಿರಲಿಲ್ಲ. ನಮ್ಮ ಯಾವುದಾದರೂ ಛತ್ರದ ಆರತಕ್ಷತೆಗೆ ಬಂದಿದ್ದರೆ ಸಾಕಿತ್ತು. ಇನ್ನೂರನೆಯ ಉಡುಗೊರೆ ಕೈಸೇರುವ ಹೊತ್ತಿಗೆ ಮದುಮಗನ ಹಲ್ಲು ಕ್ಯಾಮೆರಾ ಕಡೆ, ಕಣ್ಣು ಊಟದ ಹಾಲ್ ಕಡೆ.

ಆದರೆ ಕಣ್ಣು ನಿಜ ಹೇಳಿದರೂ ನೋಡುವವನು ತನಗೆ ಬೇಕಾದ್ದನ್ನೇ ಕೇಳಿಸಿಕೊಳ್ಳುತ್ತಾನೆ. ಮದುವೆಗೆ ಮುಂಚೆ ಜಾತಕದ ಜೊತೆ ಇವಳದೊಂದು ಫೋಟೊ ಬಂದಿತ್ತು. ಕುಂಡದ ಪಕ್ಕ ನಿಂತು, ಕತ್ತು ಸ್ವಲ್ಪ ವಾಲಿಸಿ, ಓರೆಗಣ್ಣಿನಲ್ಲಿ ಎತ್ತಲೋ ನೋಡುತ್ತಿದ್ದಳು. ಎಂಥ ನಾಚಿಕೆ ಎಂದು ಮರುಳಾಗಿ ಒಪ್ಪಿದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅವಳು ನೋಡುತ್ತಿದ್ದದ್ದು ಸ್ಟುಡಿಯೊದ ಗೋಡೆ ಗಡಿಯಾರ. ಐದು ಗಂಟೆಯ ಬಸ್ಸು ತಪ್ಪುತ್ತದೆಂಬ ಆತಂಕ. ನಾಚಿಕೆಯನ್ನು ನಾನು ಈವರೆಗೂ ಕಂಡಿಲ್ಲ. ಮನೆಗೆ ನೆಂಟರು ಬಂದಾಗ ಹಾಲಿದೆಯೋ ಇಲ್ಲವೋ ಎಂದು ಅಡುಗೆಮನೆ ಬಾಗಿಲಿನಿಂದ ಬರುವ ಕಣ್ಸನ್ನೆಯನ್ನೂ ನಾನು ಸರಿಯಾಗಿ ಓದಿದ್ದು ಕಡಿಮೆಯೇ.

ಹಜಾರದಲ್ಲಿ ಅಪ್ಪನ ಫೋಟೊ ಇದೆ. ಚಿಕ್ಕಪೇಟೆಯಲ್ಲಿ ತೆಗೆಸಿದ್ದು, ಕಪ್ಪು ಬಿಳುಪು. ಅದರಲ್ಲಿ ದುರುಗುಟ್ಟಿಕೊಂಡು ಕೂತಿದ್ದಾರೆ. ಆ ನೋಟಕ್ಕೆ ಹೆದರಿಯೇ ನಾವು ಮಗ್ಗಿ ಕಲಿತದ್ದು. ಸ್ಟುಡಿಯೊದ ಹುಡುಗ ಅವತ್ತು ಒಂದು ಮಾತು ಹೇಳಿದ್ದ: ಕಣ್ಣುಗುಡ್ಡೆಯ ಮೇಲೆ ಬೆಳಕಿನ ಚುಕ್ಕೆ ಬೀಳಬೇಕು ಸಾರ್, ಕ್ಯಾಚ್‌ಲೈಟ್ ಅಂತೀವಿ, ಅದಿಲ್ಲದಿದ್ದರೆ ಮುಖಕ್ಕೆ ಜೀವ ಇರಲ್ಲ. ಮನೆಗೆ ಬಂದವನೇ ಅಪ್ಪನ ಫೋಟೊವನ್ನು ಮೊಬೈಲಿನಲ್ಲಿ ಹಿಡಿದು ದೊಡ್ಡದು ಮಾಡಿದೆ. ಒಂದೊಂದು ಕಣ್ಣಲ್ಲೂ ಎಳ್ಳುಕಾಳಿಗಿಂತ ಚಿಕ್ಕದೊಂದು ಬಿಳಿ ಚೌಕ, ನಡುವೆ ಅಡ್ಡಗೆರೆ. ಕಿಟಕಿ! ಆ ಸ್ಟುಡಿಯೊ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ನನ್ನವಳನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಮಾವ ಗದರ್ತಾ ಇಲ್ಲ ಕಣ್ರೀ. ಹೊರಗೆ ಮೋಡ ಆಗಿತ್ತೇನೋ, ಛತ್ರಿ ತಂದಿಲ್ವಲ್ಲ ಅಂತ ನೋಡ್ತಿದಾರೆ."