ಫ್ರೈ ಎಂದರೆ ಎಷ್ಟು ಎಣ್ಣೆ?

ಪುಣೆಯಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗಳಲ್ಲಿ ಕನ್ನಡ ಮೊದಲು ಸೋಲುವುದು ಅಡುಗೆಮನೆಯಲ್ಲಿ ಎಂದು ನನಗೆ ಅನಿಸುತ್ತದೆ. ಈರುಳ್ಳಿಯನ್ನೂ ಫ್ರೈ ಮಾಡುತ್ತೇವೆ, ರವೆಯನ್ನೂ ಫ್ರೈ ಮಾಡುತ್ತೇವೆ, ಸಂಡಿಗೆಯನ್ನೂ ಫ್ರೈ ಮಾಡುತ್ತೇವೆ. ಈರುಳ್ಳಿಯನ್ನು ಬಾಡಿಸಬೇಕು, ಚಮಚೆ ಎಣ್ಣೆ ಸಾಕು. ರವೆಯನ್ನು ಹುರಿಯಬೇಕು, ಎಣ್ಣೆ ಇಲ್ಲದಿದ್ದರೂ ನಡೆಯುತ್ತದೆ. ಸಂಡಿಗೆಯನ್ನು ಕರಿಯಬೇಕು, ಅದಕ್ಕೆ ಬಾಣಲೆ ತುಂಬ ಎಣ್ಣೆ ಬೇಕು. (ಕರಿಯುವ ಕಡೆ ‘ಕರೆಯಿರಿ’ ಎಂದು ಬರೆಯುವವರೂ ಇದ್ದಾರೆ. ಕರೆದರೆ ಸಂಡಿಗೆ ಬರುತ್ತದೆಯೇ?)

ಈ ವಿಷಯದಲ್ಲಿ ಪಕ್ಕದ ಮರಾಠಿ ಮನೆಯವರು ನಮಗಿಂತ ಗಟ್ಟಿ. ಅವರಿಗೆ ಕರಿಯುವುದು ತಳಣೆ, ಬಾಡಿಸುವುದು ಪರತಣೆ, ಹುರಿಯುವುದು ಭಾಜಣೆ. ದೀಪಾವಳಿಯ ಚಕಲಿಗೆ ಅಕ್ಕಿ, ಕಡಲೆಬೇಳೆ, ಉದ್ದಿನಬೇಳೆಗಳನ್ನು ಬೇರೆಬೇರೆಯಾಗಿ ಹುರಿದು ಬೀಸಿಸುತ್ತಾರೆ. ಆ ಹಿಟ್ಟಿನ ಹೆಸರೇ ಭಾಜಣಿ. ನಮ್ಮ ಚಕ್ಕುಲಿಗೆ ಅಕ್ಕಿ ಹಿಟ್ಟಿನ ಜೊತೆ ಹುರಿದ ಉದ್ದಿನ ಹಿಟ್ಟು ಸಾಕು. ರುಚಿಯಲ್ಲಿ ನನ್ನ ಓಟು ನಮ್ಮದಕ್ಕೇ.

ಕರಿಯುವುದಕ್ಕೆ ಅದರದೇ ಲಕ್ಷಣಗಳಿವೆ. ಚೂರು ಹಿಟ್ಟು ಬಿಟ್ಟರೆ ಅದು ತಕ್ಷಣ ಮೇಲೇಳಬೇಕು. ಥರ್ಮಾಮೀಟರ್ ಇಟ್ಟರೆ ಸುಮಾರು 170ರಿಂದ 180 ಡಿಗ್ರಿ ತೋರಿಸೀತು. ಚಕ್ಕುಲಿ ಬಿಟ್ಟೊಡನೆ ಹಿಟ್ಟಿನ ನೀರು ಆವಿಯಾಗಿ ಹೊರಬಂದು ಎಣ್ಣೆಯೆಲ್ಲ ಗುಳ್ಳೆಯೇಳುತ್ತದೆ. ಗುಳ್ಳೆ ಇಳಿದು ಸದ್ದು ತಗ್ಗಿತೆಂದರೆ ಜಾಲರಿ ಸೌಟಿನಲ್ಲಿ ಎತ್ತಬಹುದು. ಅವಸರಪಟ್ಟು ಎಣ್ಣೆ ಕಾಯುವ ಮೊದಲೇ ಬಿಟ್ಟರೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಇಷ್ಟೆಲ್ಲವನ್ನೂ ‘ಫ್ರೈ ಮಾಡಿ’ ಎಂಬುದರಲ್ಲಿ ತುರುಕಿದರೆ ಹೊಸದಾಗಿ ಅಡುಗೆ ಕಲಿಯುವವರು ಏನು ಮಾಡಬೇಕು? ವೈದ್ಯರು ‘ಫ್ರೈ ಮಾಡಿದ್ದು ಬಿಡಿ’ ಎಂದರೆ ನಮ್ಮ ಹಿರಿಯರು ಹುರಿದ ಶೇಂಗಾವನ್ನೂ ಬಿಟ್ಟು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ.

ಈಗಂತೂ ಏರ್ ಫ್ರೈಯರ್ ಬಂದಿದೆ. ಫ್ಯಾನ್ ತಿರುಗಿಸಿ ಬಿಸಿಗಾಳಿ ಹಾಯಿಸುವ ಪುಟ್ಟ ಓವನ್ ಅದು; ಅದರಲ್ಲಿ ಕರಿಯುವ ಕೆಲಸ ನಡೆಯುವುದೇ ಇಲ್ಲ. ಹಪ್ಪಳ ಇಟ್ಟರೆ ಸುಟ್ಟ ಹಪ್ಪಳದ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಸುಟ್ಟ ಹಪ್ಪಳ ನನಗೂ ಇಷ್ಟ, ತಿಳಿಸಾರಿನ ಜೊತೆ ಇನ್ನೂ ಇಷ್ಟ. ಆದರೆ ‘ಎಣ್ಣೆಯೇ ಇಲ್ಲದೆ ಕರಿದದ್ದು’ ಎಂದು ಬಡಿಸುವ ಮನೆಯಲ್ಲಿ ಮಾತ್ರ ನಾನು ಎರಡನೆಯ ಹಪ್ಪಳ ಕೇಳುವುದಿಲ್ಲ.